ಗಿಡದ ಅಕ್ವೇರಿಯಂಗೆ ಕಡಿಮೆ ಖರ್ಚಿನ ಮರಳು ಯಾವುದು? ಸೋಯಿಲ್ ಕೊಳ್ಳೋಕೆ ಆಗ್ತಿಲ್ಲ

ಗಪ್ಪಿಮನೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರು ವಿಜಯನಗರದಲ್ಲಿದ್ದೇನೆ. ಹೋದ ವಾರ 2 ಅಡಿ ಟ್ಯಾಂಕ್ ತಂದೆ. 60 ಸೆಂ.ಮೀ ಉದ್ದ, 30 ಅಗಲ, 30 ಎತ್ತರ. ಮಗಳಿಗೆ ಪ್ಲಾಸ್ಟಿಕ್ ಗಿಡ ಬೇಡವಂತೆ, ಬೇರು ಬಿಡುವ ಗಿಡವೇ ಬೇಕಂತೆ. ಟ್ಯಾಂಕ್, ಲೈಟು, ಫಿಲ್ಟರ್ ಕೊಳ್ಳುವಷ್ಟರಲ್ಲಿ ಕೈ ಖಾಲಿಯಾಯಿತು. ತಳಕ್ಕೆ ಹಾಕಲು ಈಗ ಉಳಿದಿರುವುದು 500 ರೂಪಾಯಿ.

ಅಂಗಡಿಯಲ್ಲಿ ಕೇಳಿದರೆ "ಗಿಡ ಬರಬೇಕು ಅಂದ್ರೆ ಸೋಯಿಲ್ಲೇ ಹಾಕಬೇಕು ಸರ್, ಮರಳಲ್ಲಿ ಏನೂ ಬರಲ್ಲ" ಅಂದರು. ಸೋಯಿಲ್ ಅಂದರೆ ಗಿಡದ ಅಕ್ವೇರಿಯಂಗೆಂದೇ ಮಾರುವ, ಸತ್ವ ಇರುವ ಮಣ್ಣಿನ ಕಾಳು. ರೇಟು ಕೇಳಿ ವಾಪಸ್ ಬಂದೆ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ, ಎಂ ಸ್ಯಾಂಡ್ ರಾಶಿ ಇದೆ, ಮೇಸ್ತ್ರಿ ಎರಡು ಬಕೆಟ್ ತಗೊಳ್ಳಿ ಅಂದಿದ್ದಾರೆ. ಮಾವನ ಊರು ಹೊಳೆನರಸೀಪುರದ ಹತ್ತಿರ, ಹೇಮಾವತಿ ದಂಡೆಯಲ್ಲಿ ಮರಳು ಸಿಗುತ್ತದೆ. ಮುಂದಿನ ವಾರ ಮಲ್ಪೆಗೂ ಹೋಗುತ್ತಿದ್ದೇವೆ. ಈ ಮೂರರಲ್ಲಿ ಯಾವುದು ಹಾಕಬಹುದು? ನಿಜವಾಗಿಯೂ ಮರಳಲ್ಲಿ ಗಿಡ ಬರಲ್ವಾ?

ಕೆರೆಏರಿ

ಸಮುದ್ರದ ಮರಳು ಬೇಡವೇ ಬೇಡ. ಉಳಿದಿದ್ದು ಆಮೇಲೆ ಮಾತಾಡೋಣ.

ನೀರುಗಂಟಿ

ಮರಳಲ್ಲಿ ಗಿಡ ಬರಲ್ಲ ಅನ್ನೋದು ಸುಳ್ಳು. 11 ವರ್ಷದಿಂದ ಬರೀ ಮರಳಿನಲ್ಲೇ ವ್ಯಾಲಿಸ್ನೇರಿಯಾ, ಕ್ರಿಪ್ಟ್ (ಕ್ರಿಪ್ಟೋಕೊರೈನ್), ಅಮೆಜಾನ್ ಸೋರ್ಡ್ ಗಿಡ ಬೆಳೆಸುತ್ತಿದ್ದೇನೆ. ಆದರೆ ಒಂದು ಮಾತು ನಿಜ. ಮರಳಿನಲ್ಲಿ ಸತ್ವ ಇರುವುದಿಲ್ಲ. ಗೊಬ್ಬರವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಅದು ಬೇರಿಗೆ ಹಿಡಿತ ಕೊಡುತ್ತದೆ, ಅಷ್ಟೇ. ಊಟ ನೀವು ಹಾಕಬೇಕು.

ಈಗ ಲೆಕ್ಕ. ಮುಂದೆ 3 ಸೆಂ.ಮೀ, ಹಿಂದೆ 7 ಸೆಂ.ಮೀ ಇಳಿಜಾರು ಮಾಡಿದರೆ ಸರಾಸರಿ 5. ನಿಮ್ಮ ಟ್ಯಾಂಕಿಗೆ 60×30×5, ಅಂದರೆ 9 ಲೀಟರ್ ಮರಳು. ಲೀಟರಿಗೆ ಒಂದೂವರೆ ಕೆಜಿ ಹಿಡಿದರೂ 14 ಕೆಜಿ ಹತ್ತಿರ ಬೇಕು.

ಕಾಳಿನ ಅಳತೆ ಎಲ್ಲಕ್ಕಿಂತ ಮುಖ್ಯ. ಅಡುಗೆಮನೆಗೆ ಹೋಗಿ ಚಿರೋಟಿ ರವೆ, ಬನ್ಸಿ ರವೆ ಎರಡನ್ನೂ ಅಂಗೈಯಲ್ಲಿ ಹಾಕಿಕೊಂಡು ನೋಡಿ. ಮರಳು ಬನ್ಸಿ ರವೆಯಷ್ಟಿರಬೇಕು, ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರ್. ಚಿರೋಟಿಯಷ್ಟು ನುಣ್ಣಗಿದ್ದರೆ ಗಟ್ಟಿಯಾಗಿ ಕೂತು ಒಳಗೆ ನೀರು ಆಡುವುದಿಲ್ಲ. ತೀರಾ ದಪ್ಪ ಆದರೆ ಮೀನಿನ ಹೇಲು, ಉಳಿದ ಆಹಾರ ಎಲ್ಲ ಸಂದಿಗೆ ಇಳಿದು ಕೊಳೆಯುತ್ತದೆ.

ಈ ಅಳತೆಯಲ್ಲಿ ಸುಲಭವಾಗಿ ಸಿಗೋದು ನೀರಿನ ಫಿಲ್ಟರಿಗೆ ಹಾಕುವ ಸಿಲಿಕಾ ಮರಳು. ಬೋರ್‌ವೆಲ್ ನೀರಿಗೆ ಉದ್ದನೆಯ ನೀಲಿ ಸಿಲಿಂಡರ್ ಇಡುತ್ತಾರಲ್ಲ, ಅದರೊಳಗೆ ತುಂಬುವ ಮರಳು. ಪೀಣ್ಯ ಕಡೆ ನೀರಿನ ಫಿಲ್ಟರ್ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿ. "ಅಕ್ವೇರಿಯಂಗೆ" ಅನ್ನಬೇಡಿ, "ಸ್ಯಾಂಡ್ ಫಿಲ್ಟರಿಗೆ ಸಣ್ಣ ಮರಳು" ಅನ್ನಿ.

ಸೈಟ್_ಇಂಜಿನಿಯರ್

ಎಂ ಸ್ಯಾಂಡ್ ಬಗ್ಗೆ ನಾನು ಹೇಳುತ್ತೇನೆ, ದಿನಾ ಅದರ ಜೊತೆಗೇ ಕೆಲಸ. ಬೆಂಗಳೂರು ಸುತ್ತ ಬರುವುದು ಗ್ರಾನೈಟ್, ನೈಸ್ (gneiss) ಎಂಬ ಗಟ್ಟಿ ಕಲ್ಲು ಪುಡಿ ಮಾಡಿದ್ದು. ಸುಣ್ಣದ ಅಂಶದ ಭಯ ಜಾಸ್ತಿ ಇಲ್ಲ. ಆದರೆ ಕಾಂಕ್ರೀಟಿನ ಎಂ ಸ್ಯಾಂಡಿನಲ್ಲಿ 4 ಮಿಲಿಮೀಟರ್ ದಾಟಿದ ಚೂರುಗಳೂ ಇರುತ್ತವೆ, ಕಣ್ಣಿಗೆ ಕಾಣದ ಧೂಳೂ ಇರುತ್ತದೆ. ಪ್ಲಾಸ್ಟರಿಂಗಿಗೆ ಬಳಸುವ ಪಿ ಸ್ಯಾಂಡ್ ಇನ್ನೂ ನುಣ್ಣಗೆ. ಇನ್ನೊಂದು, ಸೈಟಿನ ರಾಶಿಯಲ್ಲಿ ಸಿಮೆಂಟ್ ಬೆರೆತಿರುತ್ತದೆ. ರಾಶಿಯ ಅಂಚಿನಲ್ಲೇ ಗಾರೆ ಕಲಸುತ್ತಾರೆ. ಸಿಮೆಂಟ್ ಸೇರಿದರೆ ಪಿಎಚ್ ಏರಿಬಿಡುತ್ತದೆ, ಮೀನು ಉಳಿಯಲ್ಲ. ಪುಕ್ಕಟೆ ಅಂತ ತರಬೇಡಿ.

ಕೋರಿ_ಅಕ್ಕ

ಎಂ ಸ್ಯಾಂಡ್ ಕಾಳು ಮೊನಚು. ಕೋರಿಡೋರಾಸ್ (ತಳದಲ್ಲಿ ಓಡಾಡುವ ಮೀಸೆ ಮೀನು) ಸಾಕುವ ಆಸೆ ಇದ್ದರೆ ಮರೆತುಬಿಡಿ. ಅವು ದಿನವಿಡೀ ಮೂತಿ ತೂರಿಸಿ ಮರಳನ್ನು ಕಿವಿರಿನಿಂದ ಉದುರಿಸುತ್ತಾ ಇರುತ್ತವೆ. ಮೀಸೆ ಸವೆದು ಹೋಗುತ್ತದೆ.

ಸೈಟ್_ಇಂಜಿನಿಯರ್

ಒಪ್ಪುತ್ತೇನೆ ಅಕ್ಕ. ಆದರೆ ಮೀಸೆ ಸವೆಯೋದಕ್ಕೆ ಮೊನಚೇ ಕಾರಣ ಅಂತ ಎಲ್ಲರೂ ಹೇಳ್ತಾರೆ. ತಳದಲ್ಲಿ ಕೊಳೆ ಕೂತರೂ ಸೋಂಕಾಗಿ ಮೀಸೆ ಹೋಗುತ್ತದೆ ಅಲ್ವಾ?

ಕೋರಿ_ಅಕ್ಕ

ಹೌದು, ಅದೂ ನಿಜ. ನನ್ನ ಮೊದಲ ಟ್ಯಾಂಕಿನಲ್ಲಿ ಮರಳು ದುಂಡಗೇ ಇತ್ತು. ತಳ ಸ್ವಚ್ಛ ಮಾಡಿರಲಿಲ್ಲ. ಆರು ಕೋರಿಗಳಲ್ಲಿ ನಾಲ್ಕಕ್ಕೆ ಮೀಸೆ ಗಿಡ್ಡವಾಯಿತು. ವಾರಕ್ಕೊಮ್ಮೆ ಪೈಪು ಹಾಕಿ ಮೇಲಿನ ಕೊಳೆ ಎಳೆಯೋಕೆ ಶುರು ಮಾಡಿದ ಮೇಲೆ ಎರಡಕ್ಕೆ ಮತ್ತೆ ಬೆಳೆಯಿತು. ಹಾಗಂತ ಮೊನಚು ಮರಳು ಹಾಕಿ ನೋಡೋಣ ಅಂತ ನನಗೆ ಅನಿಸಲ್ಲ.

ಕಡಲ_ಕೂಸು

ಉಡುಪಿಯವಳು ನಾನು. ಸಮುದ್ರದ ಮರಳನ್ನು ಹಾಕಿ ನೋಡಿಯೇ ಹೇಳುತ್ತಿದ್ದೇನೆ. ಎಷ್ಟು ತೊಳೆದರೂ ಉಪ್ಪು ಹೋಗಬಹುದು, ಚಿಪ್ಪಿನ ಚೂರು ಹೋಗಲ್ಲ. ಒಂದು ಹಿಡಿ ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿ, ಗುಲಾಬಿ, ಬಿಳಿ ಬಣ್ಣದ ಚೂರುಗಳು ಹೊಳೆಯುತ್ತವೆ. ಮರುವಾಯಿ ಚಿಪ್ಪಿನವು. ಅದೆಲ್ಲ ಸುಣ್ಣ. ನೀರಿಗೆ ನಿಧಾನವಾಗಿ ಬಿಡುತ್ತಲೇ ಇರುತ್ತದೆ, ನೀರು ಗಡಸಾಗುತ್ತದೆ, ಪಿಎಚ್ ಮೇಲೆ ಹೋಗುತ್ತದೆ.

ನನ್ನ ಗಪ್ಪಿಗಳಿಗೆ ಏನೂ ಆಗಲಿಲ್ಲ ಅನ್ನೋದನ್ನೂ ಹೇಳಬೇಕು. ಗಪ್ಪಿ, ಮೋಲಿಗೆ ಗಡಸು ನೀರು ಒಗ್ಗುತ್ತದೆ. ಆದರೆ ಆಮೇಲೆ ತಂದ ಕಾರ್ಡಿನಲ್ ಟೆಟ್ರಾ ಒಂದೂ ಉಳಿಯಲಿಲ್ಲ. ಅವು ಮೆದು ನೀರಿನ ಮೀನು.

ರಸಾಯನ_ಮೇಷ್ಟ್ರು

ಯಾವ ಮರಳೇ ಆಗಲಿ, ಮನೆಯಲ್ಲೇ ಪರೀಕ್ಷೆ ಮಾಡಿ. ಒಣಗಿದ ಮರಳು ಒಂದು ಚಮಚ ಸ್ಟೀಲ್ ಲೋಟಕ್ಕೆ ಹಾಕಿ ಮೇಲೆ ವಿನೆಗರ್ ಹುಯ್ಯಿರಿ. ವಿನೆಗರ್ ಇಲ್ಲದಿದ್ದರೆ ನಿಂಬೆರಸ. ಲೋಟ ಕಿವಿಗೆ ಹಿಡಿಯಿರಿ. ಸುಣ್ಣ ಇದ್ದರೆ ಚುರ್ ಅಂತ ಸದ್ದು ಬರುತ್ತದೆ, ಸಣ್ಣ ಗುಳ್ಳೆ ಏಳುತ್ತವೆ. ಸುಣ್ಣಕ್ಕೆ ಹುಳಿ ತಾಗಿದಾಗ ಇಂಗಾಲದ ಡೈಆಕ್ಸೈಡ್ ಹೊರಗೆ ಬರುವುದರಿಂದ ಹಾಗಾಗುತ್ತದೆ. ಒಣ ಮರಳಿನ ಸಂದಿಯ ಗಾಳಿಯೂ ಮೊದಲು ನಾಲ್ಕು ಗುಳ್ಳೆಯಾಗಿ ಏಳುತ್ತದೆ, ಅದಕ್ಕೆ ಮೋಸ ಹೋಗಬೇಡಿ. ಗುಳ್ಳೆ ನಿಲ್ಲದೆ ಬರುತ್ತಿದೆಯಾ ಅಂತ ನೋಡಿ.

ಎರಡನೇ ಪರೀಕ್ಷೆ ಇನ್ನೂ ನಂಬಿಕೆಯದ್ದು. ತೊಳೆದ ಮರಳನ್ನು ಬಕೆಟ್ಟಿನಲ್ಲಿ ನೀರು ಹಾಕಿ ಒಂದು ವಾರ ಬಿಡಿ. ಪಕ್ಕದಲ್ಲಿ ಅದೇ ನೀರು ತುಂಬಿದ ಇನ್ನೊಂದು ಬಕೆಟ್, ಮರಳಿಲ್ಲದೆ. ಎರಡರ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ಅಳೆಯಿರಿ. ಮರಳಿನ ಬಕೆಟ್ ಜಾಸ್ತಿ ಏರಿದ್ದರೆ ಆ ಮರಳು ಬೇಡ.

ಕಲಬುರಗಿ_ಬಿಸಿಲು

ಮೇಷ್ಟ್ರು ಹೇಳಿದ್ದು ಖರೇ ಅದರೀ. ನಮ್ಮ ಕಡೆ ಶಹಾಬಾದ್ ಕಲ್ಲು ಅಂದರೆ ಸುಣ್ಣದ ಕಲ್ಲೇ. ನಾನು ಅದರ ಚೂರು ಹಾಕಿ ಚಂದ ಕಾಣ್ತದ ಅಂತ ಇಟ್ಟಿದ್ದೆ. ಮೊದಲೇ ಬೋರಿನ ನೀರು, ಮೇಲೆ ಈ ಕಲ್ಲು. ಗಾಜಿನ ಅಂಚಿಗೆ ಬಿಳಿ ಪಟ್ಟಿ ಕಟ್ಟಿ ಬ್ಲೇಡಿನಿಂದ ಕೆರೆಯಬೇಕಾಯಿತು. ಎಂ ಸ್ಯಾಂಡ್ ಅಂದರೆ ಎಲ್ಲ ಕಡೆ ಗ್ರಾನೈಟೇ ಅಂತ ತಿಳಿಯಬ್ಯಾಡ್ರಿ.

ಗಪ್ಪಿಮನೆ

ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ, ಥ್ಯಾಂಕ್ಸ್. ಹಾಗಾದರೆ ಎಂ ಸ್ಯಾಂಡ್, ಸಮುದ್ರ ಎರಡೂ ಬಿಟ್ಟೆ. ಹೇಮಾವತಿ ಮರಳು? ಅದು ದುಂಡಗೆ, ಬಣ್ಣವೂ ಚೆನ್ನಾಗಿದೆ. ಎರಡು ಬಕೆಟ್ ಸಾಕು.

ಹೊಳೆದಂಡೆ

ದಯವಿಟ್ಟು ಬೇಡ ಸರ್. ನಾನು ಅದೇ ಸೀಮೆಯವನು. ಎಲ್ಲರೂ ಎರಡು ಬಕೆಟ್ ಅಂತಲೇ ಶುರು ಮಾಡಿದ್ದು.

ಮಲೆನಾಡ_ಮಳೆ

ಎರಡು ಬಕೆಟ್‌ನಿಂದ ಹೊಳೆ ಬತ್ತಿಹೋಗುತ್ತಾ? ರಾತ್ರೋರಾತ್ರಿ ಲಾರಿ ಲಾರಿ ಹೊಡೀತಾರೆ, ಅವರನ್ನು ಯಾರೂ ಕೇಳಲ್ಲ. ಮಗಳಿಗೆ ಗಿಡ ನೆಡುವವರನ್ನು ಹಿಡಿದುಕೊಂಡಿರಿ.

ಹೊಳೆದಂಡೆ

ಲಾರಿಯವರನ್ನೂ ಕೇಳುತ್ತೇವೆ. 2012ರಲ್ಲಿ ಸುಪ್ರೀಂ ಕೋರ್ಟ್ 5 ಹೆಕ್ಟೇರಿಗಿಂತ ಚಿಕ್ಕ ಮರಳು ಗಣಿಗೂ ಪರಿಸರ ಅನುಮತಿ ಬೇಕು ಅಂತ ಹೇಳಿತು. ಅದು ಹಾಗೇ ಬರಲಿಲ್ಲ, ಹೊಳೆಗಳು ಬರಿದಾದ ಮೇಲೆ ಬಂತು.

ನಾನು ಚಿಕ್ಕವನಿದ್ದಾಗ ಬೇಸಿಗೆಯಲ್ಲಿ ಹೊಳೆ ನಿಂತರೂ ನೀರು ನಿಲ್ಲುತ್ತಿರಲಿಲ್ಲ. ಅಮ್ಮ ಮರಳಿನಲ್ಲಿ ಮೊಣಕೈಯಷ್ಟು ಆಳ ಕೈಯಲ್ಲೇ ತೋಡುತ್ತಿದ್ದಳು. ಒರತೆ ಅಂತೀವಿ. ಮೊದಲು ಬರುವ ಕಲಕು ನೀರನ್ನು ತೆಂಗಿನ ಚಿಪ್ಪಿನಲ್ಲಿ ಎತ್ತಿ ಚೆಲ್ಲಿ, ಸುಮ್ಮನೆ ಕೂತು ಕಾಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ತಿಳಿ ನೀರು ತುಂಬುತ್ತಿತ್ತು, ಬಿಂದಿಗೆಗೆ ಅದನ್ನೇ ಹಾಕುತ್ತಿದ್ದಳು. ನೀರು ಹಿಡಿದಿಟ್ಟುಕೊಂಡಿದ್ದು ಆ ಮರಳು. ಈಗ ಅದೇ ಜಾಗದಲ್ಲಿ ಬಂಡೆ ಎದ್ದಿದೆ, ಆಚೆ ಈಚೆ ಬಾವಿಗಳೂ ಒಣಗಿವೆ. ಅಂಗಡಿಯಲ್ಲಿ ಬೇರೆ ಮರಳು ಸಿಗುವಾಗ ಇದನ್ನು ಮುಟ್ಟಬೇಡಿ ಅಂತ ಕೇಳುತ್ತಿದ್ದೇನೆ.

ಮಲೆನಾಡ_ಮಳೆ

ಅಣ್ಣ, ಒರತೆ ಮಾತು ಓದಿ ನನ್ನ ಮಾತು ವಾಪಸ್ ತಗೊಂಡೆ. ನಮ್ಮ ಅಜ್ಜಿಯೂ ತೋಡುತ್ತಿದ್ದರು.

ಒಂದು ವಿಷಯ ಸೇರಿಸುತ್ತೇನೆ. ಮರಳಲ್ಲಿ ಗಿಡ ಬರಲ್ಲ ಅನ್ನುವವರು ಒಮ್ಮೆ ಪಶ್ಚಿಮ ಘಟ್ಟದ ಹಳ್ಳಗಳನ್ನು ನೋಡಬೇಕು. ಕ್ರಿಪ್ಟೋಕೊರೈನ್ ರೆಟ್ರೋಸ್ಪೈರಾಲಿಸ್ ಅಂತ ಗಿಡ, ಉದ್ದ ಎಲೆ, ಅಂಚು ಸುರುಳಿ ಸುರುಳಿ. ಕಲ್ಲು, ಮರಳಿನ ಮಧ್ಯೆಯೇ ಬೇರು ಬಿಟ್ಟಿರುತ್ತದೆ. ಅಂಗಡಿಯಲ್ಲಿ ಬೆಳೆಸಿದ್ದು ಸಿಗುತ್ತದೆ, ಅದನ್ನೇ ಕೊಳ್ಳಿ. ಕಾಡಿನಿಂದ ಕೀಳಬೇಡಿ.

ಡಲ್ಲಾಸ್_ಕನ್ನಡಿಗ

ನಾವಿಲ್ಲಿ ಈಜುಕೊಳದ ಫಿಲ್ಟರ್ ಮರಳು ಹಾಕುತ್ತೇವೆ. 50 ಪೌಂಡ್ ಚೀಲ, ಅಂದರೆ 22 ಕೆಜಿ ಮೇಲೆ. ನೀರುಗಂಟಿಯವರು ಹೇಳಿದ ಸಿಲಿಕಾ ಮರಳೂ ಅದೂ ಒಂದೇ ಜಾತಿ. ಮಕ್ಕಳು ಆಡುವ ಮರಳು ಇನ್ನೂ ಅಗ್ಗ, ಆದರೆ ತೊಳೆಯೋಕೆ ಅರ್ಧ ದಿನ ಬೇಕು.

ಮೀನಂಗಡಿ_ಮಾಲೀಕ

ಅಂಗಡಿಯವರೆಲ್ಲ ಸುಳ್ಳು ಹೇಳ್ತಾರೆ ಅನ್ನೋ ಹಾಗೆ ಮಾತು ಹೋಗುತ್ತಿದೆ, ಅದಕ್ಕೆ ಬರೆಯುತ್ತಿದ್ದೇನೆ. ನಾನೂ ಸೋಯಿಲ್ ಮಾರುತ್ತೇನೆ. ಹುಲ್ಲಿನ ಹಾಸಿನಂತೆ ಹರಡುವ ಗಿಡ, ಕೆಂಪು ಗಿಡ, ಸಿಒ2 ಸಿಲಿಂಡರ್, ಜೋರು ಲೈಟು ಅಂತ ಬರುವವರಿಗೆ ಸೋಯಿಲ್ ನಿಜವಾಗಿಯೂ ಕೆಲಸ ಸುಲಭ ಮಾಡುತ್ತದೆ. ಗೊಬ್ಬರ ಹಿಡಿದಿಟ್ಟು ಬೇರಿಗೆ ಕೊಡುತ್ತದೆ, ನೀರಿನ ಪಿಎಚ್ ಸ್ವಲ್ಪ ಇಳಿಸುತ್ತದೆ. ಆದರೆ ಗಪ್ಪಿ ಮತ್ತು ನಾಲ್ಕು ಸುಲಭದ ಗಿಡಕ್ಕೆ ಅದು ಬೇಡ. ಅದನ್ನು ಹೇಳದೆ ಮಾರುವುದು ತಪ್ಪು.

ಮಾರುವವರು ಹೇಳಬೇಕಾದ ಇನ್ನೊಂದು ಮಾತಿದೆ. ಕೆಲವು ಸೋಯಿಲ್ ಮೊದಲ ಕೆಲವು ವಾರ ಅಮೋನಿಯಾ ಬಿಡುತ್ತವೆ. ಹಾಕಿದ ಮಾರನೇ ದಿನ ಮೀನು ಬಿಟ್ಟರೆ ಸಾಯುತ್ತವೆ. ಎರಡು ಮೂರು ವರ್ಷಕ್ಕೆ ಕಾಳು ಪುಡಿಯಾಗುತ್ತದೆ, ಬದಲಿಸಬೇಕು. ಮರಳಿಗೆ ಆ ತಾಪತ್ರಯ ಇಲ್ಲ.

ಬಣ್ಣ ಹಾಕಿದ ನೀಲಿ, ಗುಲಾಬಿ ಮರಳು ಮಾತ್ರ ಕೊಳ್ಳಬೇಡಿ. ಬಿಸಿನೀರಿನಲ್ಲಿ ನೆನೆಸಿದರೆ ಕೆಲವಲ್ಲಿ ಬಣ್ಣ ಬಿಡುವುದನ್ನು ನಾನೇ ನೋಡಿದ್ದೇನೆ. ಅಂಥದ್ದನ್ನು ಇಡುವುದು ನಿಲ್ಲಿಸಿದ್ದೇನೆ.

ಹಿತ್ತಲ_ಮಲ್ಲಿಗೆ

ಮರಳಿನ ಕೆಳಗೆ ತೋಟದ ಮಣ್ಣು ಹಾಕಿ ನೋಡಿ! ಗಿಡದ ಅಕ್ವೇರಿಯಂ ಬಗ್ಗೆ ಪುಸ್ತಕ ಬರೆದ ಡಯಾನಾ ವಾಲ್‌ಸ್ಟಾಡ್ ಅವರ ಪದ್ಧತಿ. ಕೆಳಗೆ ಒಂದು ಇಂಚು ಮಣ್ಣು, ಮೇಲೆ ಒಂದು ಇಂಚು ಮರಳು. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಇದೆ, ಗಿಡಕ್ಕೆ ಒಳ್ಳೆಯದು.

ನಾನು ಮಾಡಿದ ತಪ್ಪು ಹೇಳುತ್ತೇನೆ, ಯಾರೂ ಮಾಡಬೇಡಿ. ಗಿಡ ಜೋರಾಗಿ ಬರಲಿ ಅಂತ ಮಣ್ಣಿಗೆ ಅರ್ಧಕ್ಕರ್ಧ ಎರೆಗೊಬ್ಬರ ಸೇರಿಸಿದೆ. ಮೂರನೇ ವಾರ ಮರಳಿನ ಕೆಳಗೆ ಗಾಜಿನ ಪಕ್ಕದಲ್ಲಿ ಕಪ್ಪು ಕಲೆ. ಕಡ್ಡಿಯಿಂದ ಚುಚ್ಚಿದೆ, ಕೊಳೆತ ಮೊಟ್ಟೆ ವಾಸನೆ ಮನೆ ತುಂಬ. ಗಾಳಿ ಆಡದ ಕಡೆ ಗೊಬ್ಬರ ಕೊಳೆತು ಹೈಡ್ರೋಜನ್ ಸಲ್ಫೈಡ್ ಆಗಿತ್ತು. ಎಲ್ಲ ಕಿತ್ತು ಹಾಕಿದೆ. ಎರಡನೇ ಸಲ ಬರೀ ಮಣ್ಣು, ಕಡ್ಡಿ ಕಸ ಜರಡಿ ಹಿಡಿದು ತೆಗೆದು, ನಾಲ್ಕು ಸಲ ನೆನೆಸಿ ಒಣಗಿಸಿ ಹಾಕಿದೆ. ಎರಡೂವರೆ ವರ್ಷವಾಯಿತು, ಏನೂ ತೊಂದರೆ ಇಲ್ಲ.

ನೀರುಗಂಟಿ

ಮೇಡಂ ಹೇಳಿದ್ದು ಸರಿಯೇ. ಆದರೆ ಮೊದಲ ಟ್ಯಾಂಕಿಗೆ ನಾನು ಮಣ್ಣು ಹೇಳಲ್ಲ. ಮಗು ಗಿಡ ಕಿತ್ತು ಜಾಗ ಬದಲಿಸುತ್ತದೆ, ಕಿತ್ತ ತಕ್ಷಣ ಕೆಸರು ಮೇಲೆ ಬರುತ್ತದೆ. ಬರೀ ಮರಳು ಹಾಕಿ, ಬೇರಿನ ಬುಡಕ್ಕೆ ರೂಟ್ ಟ್ಯಾಬ್ (ಗೊಬ್ಬರದ ಮಾತ್ರೆ) ಒತ್ತಿ. ಆಳ 7 ಸೆಂ.ಮೀ ದಾಟಿಸಬೇಡಿ.

ಹಾವೇರಿ_ಹೊಲ

ನೀರಿಗೆ ಹಾಕೋ ಗೊಬ್ಬರ ಅಕ್ವೇರಿಯಂ ಬಾಟಲಿಯಲ್ಲೇ ತಗೋಬೇಕು ಅಂತಿಲ್ಲ. ಊರಿನ ಗೊಬ್ಬರದ ಅಂಗಡಿಯಲ್ಲಿ 13-0-45 ಸಿಗುತ್ತದೆ, ಅದು ಪೊಟ್ಯಾಸಿಯಂ ನೈಟ್ರೇಟ್. 0-52-34 ಅಂದರೆ ಮೋನೋ ಪೊಟ್ಯಾಸಿಯಂ ಫಾಸ್ಫೇಟ್. ಒಂದೊಂದು ಕೆಜಿ ತಂದರೆ ಮನೆಯ ಟ್ಯಾಂಕಿಗೆ ವರ್ಷಗಟ್ಟಲೆ ಬರುತ್ತದೆ. ಚಿಟಿಕೆ ಲೆಕ್ಕದಲ್ಲಿ ಹಾಕಿ, ಚಮಚದ ಲೆಕ್ಕದಲ್ಲಿ ಅಲ್ಲ.

19-19-19 ಮಾತ್ರ ಹಾಕಬೇಡಿ. ಅದರಲ್ಲಿ ಯೂರಿಯಾ, ಅಮೋನಿಯಾ ರೂಪದ ಸಾರಜನಕ ಇದೆ. ಹೊಲಕ್ಕೆ ಸರಿ, ಮೀನಿಗೆ ವಿಷ. ನನ್ನ ತಮ್ಮ ಹಾಕಿ ಒಂದೇ ರಾತ್ರಿಯಲ್ಲಿ ಎಲ್ಲ ಮೀನು ಕಳೆದುಕೊಂಡ.

ಕೆರೆಏರಿ

ಮರಳಿಗೆ ಬಸವನಹುಳ ಬಿಡಿ. ಟ್ರಂಪೆಟ್ ಬಸವನಹುಳ, ಚೂಪು ಶಂಖದ ಹಾಗಿರುತ್ತದೆ. ಹಗಲು ಮರಳೊಳಗೆ ಉಳುತ್ತಾ ಇರುತ್ತದೆ, ರಾತ್ರಿ ಗಾಜು ಹತ್ತುತ್ತದೆ. ಮರಳು ಗಟ್ಟಿಯಾಗಲ್ಲ.

ಕೋರಿ_ಅಕ್ಕ

ಮೂರು ಬಿಟ್ಟರೆ ಮೂರು ತಿಂಗಳಿಗೆ ಮುನ್ನೂರು.

ಕೆರೆಏರಿ

ಊಟ ಜಾಸ್ತಿ ಹಾಕಿದರೆ ಮಾತ್ರ ಅಕ್ಕ. ಬಸವನಹುಳ ಹೆಚ್ಚಾದರೆ ಮೀನಿಗೆ ಹಾಕುವ ಆಹಾರ ಹೆಚ್ಚಾಗಿದೆ ಅಂತ ಅರ್ಥ.

ಗಪ್ಪಿಮನೆ

ಎರಡು ವಾರ ಆಯಿತು, ಏನಾಯಿತು ಅಂತ ಹೇಳಬೇಕು. ಹೊಳೆ ಮರಳು ತರಲಿಲ್ಲ. ಮಾವನಿಗೆ ಒರತೆ ವಿಷಯ ಓದಿ ಹೇಳಿದೆ, "ಯಾರೋ ನಮ್ಮ ಕಡೆಯವರೇ ಬರೆದಿದ್ದಾರೆ" ಅಂದರು. ಪೀಣ್ಯದಲ್ಲಿ 25 ಕೆಜಿ ಫಿಲ್ಟರ್ ಮರಳಿನ ಚೀಲ 380 ರೂಪಾಯಿಗೆ ಸಿಕ್ಕಿತು. ತಿಳಿ ಕಂದು ಬಣ್ಣ. ಕೊಳ್ಳುವ ಮುಂಚೆ ಒಂದು ಹಿಡಿ ಮನೆಗೆ ತಂದು, ಹೆಂಡತಿ ಹತ್ತಿರ ಬನ್ಸಿ ರವೆ ಕೇಳಿ ಪಕ್ಕದಲ್ಲಿಟ್ಟು ನೋಡಿದೆವು. ಸರಿಯಾಗಿ ಅದೇ ಅಳತೆ. ಮಲ್ಪೆಯಿಂದ ಮಗಳು ಒಂದು ಚಿಕ್ಕ ಡಬ್ಬಿಯಲ್ಲಿ ಮರಳು ತಂದಿದ್ದಳು. ಎರಡಕ್ಕೂ ನಿಂಬೆಹಣ್ಣು ಹಿಂಡಿದೆವು. ಮಲ್ಪೆಯದು ಚುರ್ ಅಂತು, ಫಿಲ್ಟರ್ ಮರಳು ಸುಮ್ಮನಿತ್ತು. ಅವಳು ಆರು ಸಲ ಕಿವಿಗಿಟ್ಟು ಕೇಳಿದಳು.

ತೊಳೆದ ಕಥೆ ಹೇಳಲೇಬೇಕು. ಬಕೆಟ್ಟಿಗೆ ಕಾಲುಭಾಗ ಮಾತ್ರ ಮರಳು, ಪೈಪು ತಳದವರೆಗೆ ತೂರಿಸಿ ನೀರು ಬಿಟ್ಟು ಕೈಯಲ್ಲಿ ಕಲಕಿದೆ. ಮೊದಲ ನೀರು ಕಾಫಿ ಬಣ್ಣ. ನಾಲ್ಕನೇ ನೀರು ಅಕ್ಕಚ್ಚಿನ ಹಾಗೆ. ಒಂಬತ್ತನೇ ಸಲಕ್ಕೆ ಬಕೆಟ್ಟಿನ ತಳದಲ್ಲಿ ಕಾಳು ಕಾಳಾಗಿ ಕಂಡಿತು. ಆ ನೀರೆಲ್ಲ ತೆಂಗಿನ ಗಿಡಕ್ಕೆ ಹಾಕಿದೆ, ಚರಂಡಿಗೆ ಬಿಟ್ಟರೆ ಕಟ್ಟಿಕೊಳ್ಳುತ್ತೆ ಅಂತ ಪಕ್ಕದ ಮನೆಯ ಮೇಸ್ತ್ರಿ ಹೇಳಿದ್ದರು.

ಮರಳು ಹಾಸಿ ಮೇಲೆ ತಿಂಡಿ ತಟ್ಟೆ ಇಟ್ಟು, ತಟ್ಟೆಯ ಮೇಲೆ ನಿಧಾನವಾಗಿ ನೀರು ಹುಯ್ದೆ. ಒಂದು ಚೂರೂ ಕದಡಲಿಲ್ಲ. ಕಾವೇರಿ ನೀರು, ಒಂದು ದಿನ ಡ್ರಮ್ಮಿನಲ್ಲಿ ಇಟ್ಟು ಕ್ಲೋರಿನ್ ಹಾರಲು ಬಿಟ್ಟಿದ್ದೆ. ಹಿಂದೆ ವ್ಯಾಲಿಸ್ನೇರಿಯಾ ಎಂಟು ಬುಡ, ಮಧ್ಯೆ ಕ್ರಿಪ್ಟ್ ನಾಲ್ಕು. ಅನುಬಿಯಾಸ್ ಒಂದು. ಮೀನು ಇನ್ನೂ ಬಿಟ್ಟಿಲ್ಲ. ಕ್ರಿಪ್ಟ್ ಎಲೆಗಳು ಕರಗುತ್ತಿವೆ, ಅದೊಂದು ಚಿಂತೆ.

ನೀರುಗಂಟಿ

ಕ್ರಿಪ್ಟ್ ಹೊಸ ನೀರಿಗೆ ಬಂದಾಗ ಎಲೆ ಬಿಡುತ್ತದೆ, ಹೆದರಬೇಡಿ. ಕೀಳಬೇಡಿ. ಬೇರು ಗಟ್ಟಿಯಾಗಿದ್ದರೆ ಹೊಸ ಎಲೆ ಬರುತ್ತದೆ. ಅನುಬಿಯಾಸ್ ಮರಳಲ್ಲಿ ಹೂತಿದ್ದೀರಾ? ಅದರ ದಪ್ಪ ಕಾಂಡ ಮರಳಿನ ಮೇಲೆ ಇರಬೇಕು, ಹೂತರೆ ಕೊಳೆಯುತ್ತದೆ. ಕಲ್ಲಿಗೆ ಹೊಲಿಗೆ ದಾರದಲ್ಲಿ ಕಟ್ಟಿ. ಮೀನಿಗೆ ಇನ್ನೂ ಮೂರು ವಾರ ಕಾಯಿರಿ. ನೀರು ಪರೀಕ್ಷೆ ಮಾಡಿದಾಗ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರಲಿ, ಎರಡೂ ಮೀನಿಗೆ ವಿಷ.

ಗಪ್ಪಿಮನೆ

ಹೂತಿದ್ದೆ! ಈಗಲೇ ತೆಗೆದೆ. ಗ್ರಾನೈಟ್ ಚೂರಿಗೆ ಕಟ್ಟಿದ್ದೇನೆ.

ರಸಾಯನ_ಮೇಷ್ಟ್ರು

ಕಲ್ಲಿಗೂ ನಿಂಬೆಹಣ್ಣು ಹಿಂಡಿದ್ರಾ?

ಗಪ್ಪಿಮನೆ

ಮಗಳು ಹಿಂಡಿದಳು ಸರ್, ಸದ್ದಿಲ್ಲ.

ರಾಜಾಜಿನಗರ_ಬೆಟ್ಟಾ

25 ಕೆಜಿಯಲ್ಲಿ 14 ಹಾಕಿದರೆ 11 ಕೆಜಿ ಉಳಿದಿರಬೇಕಲ್ಲ? ನನಗೆ ಒಂದೂವರೆ ಅಡಿ ಟ್ಯಾಂಕಿಗೆ 8 ಕೆಜಿ ಸಾಕು. ದುಡ್ಡು ಕೊಡುತ್ತೇನೆ.

ಗಪ್ಪಿಮನೆ

ದುಡ್ಡು ಬೇಡ, ವ್ಯಾಲಿಸ್ನೇರಿಯಾ ಮರಿ ಹೊಡೆದಾಗ ಅದನ್ನೂ ಕೊಡುತ್ತೇನೆ. ಭಾನುವಾರ ಬನ್ನಿ, ಗಟ್ಟಿ ಚೀಲ ತನ್ನಿ. ತೊಳೆದಿಲ್ಲ, ಒಂಬತ್ತು ಸಲ ತೊಳೆಯಬೇಕು.